ಬೆಕ್ಕಿನ ತಟ್ಟೆಯಲ್ಲಿ ನೀರೆಷ್ಟು?

ಜೋಳದ ಹಗೇವುಗಳಿದ್ದ ಕಾಲದಲ್ಲಿ ಬೆಕ್ಕಿಗೆ ಏನು ಹಾಕಬೇಕೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬಾಗಲಕೋಟೆ, ಹುನಗುಂದ ಕಡೆಯ ಮನೆಗಳಲ್ಲಿ ಕಾಳಿನ ಚೀಲವಿತ್ತು, ಹೊಟ್ಟಿನ ಕೋಣೆಯಿತ್ತು, ದನದ ಕೊಟ್ಟಿಗೆಯಿತ್ತು. ಇವೆಲ್ಲ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ, ಇಲಿಯಿದ್ದಲ್ಲಿ ಬೆಕ್ಕು. ಇಳಕಲ್‌ನ ನೇಕಾರರ ಮನೆಗಳಲ್ಲಂತೂ ಗಂಜಿ ಹಾಕಿದ ನೂಲಿಗೆ ಇಲಿ ಬಾಯಿ ಹಾಕಿದರೆ ಒಂದೇ ರಾತ್ರಿಯಲ್ಲಿ ಎಷ್ಟೋ ದಿನಗಳ ದುಡಿಮೆ ಹಾಳು. ಅಲ್ಲಿ ಬೆಕ್ಕನ್ನು ಸಾಕುತ್ತಿದ್ದದ್ದು ಮುದ್ದಿಗಿಂತ ಹೆಚ್ಚಾಗಿ ಕಾವಲಿಗೆ. ಮನೆಯವರು ಮೂಲೆಯ ಪರಟೆಯಲ್ಲಿ ಹಾಕುತ್ತಿದ್ದ ಹಾಲು-ರೊಟ್ಟಿ ಅದರ ಊಟವಾಗಿರಲಿಲ್ಲ, ಊಟ ನಡೆಯುತ್ತಿದ್ದದ್ದು ಕತ್ತಲಲ್ಲಿ, ಅಟ್ಟದ ಮೇಲೆ.

ಆ ವ್ಯವಸ್ಥೆ ಈಗ ಮುರಿದಿದೆ. ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಸಿಕ್ಕು, ಜನ ನವನಗರದ ಸೆಕ್ಟರುಗಳಿಗೆ ಬಂದರು. ಮಣ್ಣಿನ ಮಾಳಿಗೆಯ ಜಾಗದಲ್ಲಿ ಸಿಮೆಂಟಿನ ಆರ್‌ಸಿಸಿ ಮನೆ, ಕಿಟಕಿಗೆ ಸೊಳ್ಳೆ ಪರದೆ, ಅಡುಗೆ ಮನೆಯಲ್ಲಿ ಮುಚ್ಚಳದ ಡಬ್ಬಿ. ಇಲಿ ಕಡಿಮೆಯಾದವು, ಬೆಕ್ಕು ಮಾತ್ರ ಉಳಿಯಿತು. ಈಗ ಅದು ಸೋಫಾದ ಮೇಲೆ ಮಲಗುತ್ತದೆ, ಮಕ್ಕಳು ಅದಕ್ಕೆ ಹೆಸರಿಟ್ಟಿದ್ದಾರೆ, ಅದರ ಹೊಟ್ಟೆಗೆ ಹೋಗುವ ಪ್ರತಿ ತುತ್ತೂ ನಮ್ಮ ಕೈಯಿಂದಲೇ ಹೋಗಬೇಕು. ಪೌಚು-ಡಬ್ಬಿಗಳಲ್ಲಿ ಬರುವ ವೆಟ್ ಫುಡ್, ಅಂದರೆ ಹಸಿ ಆಹಾರ ಒಳ್ಳೆಯದೋ, ಒಣ ಕಾಳಿನಂತಿರುವ ಡ್ರೈ ಫುಡ್ ಒಳ್ಳೆಯದೋ ಎಂಬ ಪ್ರಶ್ನೆ ನಮ್ಮ ಊರುಗಳಿಗೆ ಬಂದದ್ದು ಹೀಗೆ. ಇದು ಶ್ರೀಮಂತರ ಖಯಾಲಿಯ ಪ್ರಶ್ನೆ ಎಂದು ಕೆಲವರು ತಳ್ಳಿಹಾಕುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬೇಟೆಯಾಡುವ ದಾರಿಯನ್ನು ಮುಚ್ಚಿದವರು ನಾವು. ತಟ್ಟೆಯ ಹೊಣೆಯೂ ನಮ್ಮದೇ.

ಮೊದಲು ಹಾಲು-ರೊಟ್ಟಿಯ ಮಾತನ್ನು ಮುಗಿಸಿಬಿಡೋಣ, ಯಾಕೆಂದರೆ ನಮ್ಮಲ್ಲಿ ಇನ್ನೂ ಬಹುಪಾಲು ಬೆಕ್ಕುಗಳ ತಟ್ಟೆಯಲ್ಲಿರುವುದು ಅದೇ. ಬೆಕ್ಕು ಮಾಂಸವನ್ನೇ ನಂಬಿ ಬದುಕುವಂತೆ ರೂಪುಗೊಂಡ ಪ್ರಾಣಿ. ನಾಯಿ ಅನ್ನ-ರೊಟ್ಟಿಗೆ ಬಹಳ ಮಟ್ಟಿಗೆ ಒಗ್ಗಿಕೊಂಡಿತು, ಬೆಕ್ಕು ಒಗ್ಗಲಿಲ್ಲ. ಗಜ್ಜರಿಯಲ್ಲಿರುವ ಕ್ಯಾರೋಟಿನ್ನಿನಿಂದ ಎ ಜೀವಸತ್ವ ತಯಾರಿಸಿಕೊಳ್ಳಲು ನಮ್ಮ ದೇಹಕ್ಕೆ ಬರುತ್ತದೆ, ಬೆಕ್ಕಿನ ದೇಹಕ್ಕೆ ಬರುವುದಿಲ್ಲ. ಸಿಹಿಯ ರುಚಿ ತಿಳಿಯುವ ಗ್ರಾಹಕವೇ ಅದರ ನಾಲಿಗೆಯಲ್ಲಿ ಕೆಲಸ ಮಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಟಾರಿನ್ ಎಂಬ ಒಂದು ವಸ್ತು. ಅದು ಮಾಂಸದಲ್ಲಿ, ಅದರಲ್ಲೂ ಹೃದಯದಂಥ ಸದಾ ದುಡಿಯುವ ಸ್ನಾಯುಗಳಲ್ಲಿ ಧಾರಾಳವಾಗಿರುತ್ತದೆ. ಜೋಳದಲ್ಲಿ ಇಲ್ಲ, ಅಕ್ಕಿಯಲ್ಲಿ ಇಲ್ಲ, ಹಾಲಿನಲ್ಲಿ ಇರುವುದು ಸಾಲದು. ಟಾರಿನ್ ಕೊರತೆಯಾದರೆ ಬೆಕ್ಕಿನ ಅಕ್ಷಿಪಟಲ ಕ್ಷೀಣಿಸುತ್ತದೆ ಎಂದು 1975ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಇನ್ನೂ ದೊಡ್ಡ ಸಂಗತಿ ಕಂಡುಕೊಂಡರು. ಹೃದಯದ ಸ್ನಾಯು ಸಡಿಲಾಗಿ ಊದಿಕೊಂಡು ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ಕಡಿಮೆಯಿತ್ತು, ಅದನ್ನು ಕೊಟ್ಟಾಗ ಹೃದಯ ಸುಧಾರಿಸಿತು. ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಅಂಗಡಿಯ ಆಹಾರವನ್ನೇ! ಆ ಮೇಲೆ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು.

ಇನ್ನು ಹಾಲು. ಮರಿತನ ಕಳೆದ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ತಗ್ಗುತ್ತದೆ, ಹೊಟ್ಟೆ ಕೆಡುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂಬ ಗಾದೆ ಇರುವ ನಾಡಿನಲ್ಲಿ ಈ ಮಾತು ಒಪ್ಪಿಗೆಯಾಗುವುದು ಕಷ್ಟ. ಆದರೆ ಅದು ಆಸೆಪಟ್ಟು ಕುಡಿಯುವುದು ಕೊಬ್ಬಿನ ರುಚಿಗೆ. ಹಿಂದೆ ಹಾಲು-ರೊಟ್ಟಿಯ ಮೇಲೆ ಬೆಕ್ಕು ಬದುಕಿದಂತೆ ಕಂಡದ್ದು ಅದು ಹೊರಗೆ ಇಲಿ, ಹಲ್ಲಿ, ಗುಬ್ಬಿ ಹಿಡಿಯುತ್ತಿದ್ದುದರಿಂದ. ಬಾಗಿಲು ಹಾಕಿದ ಮನೆಯೊಳಗಿನ ಬೆಕ್ಕಿಗೆ ಅದೇ ತಟ್ಟೆ ಇಟ್ಟರೆ ಅದು ನಿಧಾನವಾಗಿ ಸೊರಗುತ್ತದೆ.

ಅಂದರೆ ಒಣದೋ ಹಸಿಯದೋ ಎನ್ನುವುದಕ್ಕಿಂತ ಮುಂಚೆ ಪೊಟ್ಟಣದ ಮೇಲೆ ಇದು ಬೆಕ್ಕಿಗೆ ಸಂಪೂರ್ಣ ಆಹಾರ ಎಂದು ಬರೆದಿದೆಯೇ ನೋಡಬೇಕು. ಹಾಗೆ ಬರೆದಿದ್ದರೆ ಎರಡೂ ಬೆಕ್ಕನ್ನು ಬದುಕಿಸಬಲ್ಲವು. ಪೌಚುಗಳಲ್ಲಿ ಕೆಲವು ಬರೀ ರುಚಿಗೆ ಮಾಡಿದ ತಿನಿಸುಗಳು, ಅವು ಪೂರಕ ಮಾತ್ರ; ಬಣ್ಣದ ಚಿತ್ರ ನೋಡಿ ಅವನ್ನೇ ಊಟವೆಂದುಕೊಳ್ಳುವವರಿದ್ದಾರೆ. ನಾಯಿಯ ಆಹಾರ ಬೆಕ್ಕಿಗೆ ನಡೆಯುವುದಿಲ್ಲ, ಅದರಲ್ಲಿ ಟಾರಿನ್ ಸೇರಿಸಲೇಬೇಕೆಂಬ ಕಟ್ಟುಪಾಡಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಅಮೆರಿಕದ ಮಾನದಂಡದಲ್ಲಿ ನೀರು ಕಳೆದು ಲೆಕ್ಕ ಹಾಕಿದರೆ ಒಣ ಆಹಾರದಲ್ಲಿ ಟಾರಿನ್ ಕನಿಷ್ಠ ಶೇ. 0.1 ಇರಬೇಕು, ಡಬ್ಬಿಯ ಆಹಾರದಲ್ಲಿ ಶೇ. 0.2. ಡಬ್ಬಿಯ ಆಹಾರ ತಿಂದಾಗ ಕರುಳಿನ ಸೂಕ್ಷ್ಮಜೀವಿಗಳು ಹೆಚ್ಚು ಟಾರಿನ್ ಹಾಳುಮಾಡುತ್ತವೆ, ಅದಕ್ಕೇ ಈ ದುಪ್ಪಟ್ಟು. ಹಸಿ ಆಹಾರ ಎಲ್ಲದರಲ್ಲೂ ಮೇಲು ಎಂದು ಕಣ್ಣು ಮುಚ್ಚಿ ಹೇಳಲಾಗದು.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿದೆ? ನೀರಿನಲ್ಲಿ. ಈ ಇಡೀ ಚರ್ಚೆಯನ್ನು ಓದುತ್ತಾ ಹೋದಂತೆ, ಉಳಿದೆಲ್ಲ ವಾದಗಳು ಹಿಂದೆ ಸರಿದು ನೀರೊಂದೇ ಮುಂದೆ ನಿಲ್ಲುತ್ತದೆ ಎಂಬುದು ನನ್ನ ತಿಳಿವಳಿಕೆ. ಬಾದಾಮಿ-ಇಳಕಲ್‌ನ ಬಿಸಿಲು ಬಲ್ಲವರಿಗೆ ಇದು ಬೇಗ ಅರ್ಥವಾಗಬೇಕು.

ನಮ್ಮ ಮನೆಬೆಕ್ಕಿನ ಮೂಲ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕು. ಅದು ಕೆರೆ ಹುಡುಕಿಕೊಂಡು ಹೋಗಿ ನೀರು ಕುಡಿದದ್ದಕ್ಕಿಂತ ಹಿಡಿದ ಇಲಿಯ ಮೈಯೊಳಗಿನ ನೀರಿನಿಂದಲೇ ಬದುಕಿದ್ದು ಹೆಚ್ಚು. ಇಲಿಯ ದೇಹದಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರೇ. ಹಾಗಾಗಿ ಬೆಕ್ಕಿಗೆ ಬಾಯಾರಿಕೆಯ ಅರಿವು ಮಂದ, ಅದರ ಮೂತ್ರಪಿಂಡ ನೀರನ್ನು ಹಿಂಡಿ ಹಿಂಡಿ ಉಳಿಸಿಕೊಳ್ಳುತ್ತದೆ, ಮೂತ್ರ ಗಟ್ಟಿಯಾಗಿ ಬರುತ್ತದೆ. ಮರುಭೂಮಿಯಲ್ಲಿ ಇದು ವರ. ಒಣ ಕಾಳು ತಿಂದು ಮನೆಯೊಳಗೆ ಮಲಗುವ ಬೆಕ್ಕಿಗೆ ಇದೇ ಕುತ್ತು.

ಲೆಕ್ಕ ಹಾಕಿ ನೋಡೋಣ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೋಕ್ಯಾಲೊರಿ ಶಕ್ತಿ, ಹೆಚ್ಚು ಕಡಿಮೆ 200 ಮಿಲಿಲೀಟರ್ ನೀರು ಬೇಕು. ಡ್ರೈ ಫುಡ್ ಆದರೆ 60 ಗ್ರಾಂ ಸಾಕು. ಅದರಲ್ಲಿ ನೀರಿನಂಶ ನೂರಕ್ಕೆ ಹತ್ತರೊಳಗೆ, ಅಂದರೆ ಐದಾರು ಮಿಲಿಲೀಟರ್. ವೆಟ್ ಫುಡ್ ಆದರೆ 80 ಗ್ರಾಂ ಆಸುಪಾಸಿನ ಮೂರು ಪೌಚ್ ಬೇಕು, ಅವುಗಳಲ್ಲಿ ನೂರಕ್ಕೆ ಎಂಬತ್ತರಷ್ಟು ನೀರೇ ಇರುವುದರಿಂದ ಊಟದ ಜೊತೆಗೇ ದಿನದ ನೀರೂ ಹೋಯಿತು. ಒಣದನ್ನು ತಿನ್ನುವ ಬೆಕ್ಕು ಬಟ್ಟಲಿನ ನೀರನ್ನು ಹೆಚ್ಚು ಕುಡಿಯುತ್ತದೆ, ನಿಜ. ಆದರೆ ಕೊರತೆಯನ್ನು ಪೂರ್ತಿ ತುಂಬಿಕೊಳ್ಳುವುದಿಲ್ಲ. ಅಳತೆಯ ಲೋಟದಿಂದ ಬಟ್ಟಲಿಗೆ ನೀರು ಹಾಕಿ, ಸಂಜೆ ಉಳಿದದ್ದನ್ನು ಅದೇ ಲೋಟಕ್ಕೆ ಸುರಿದು ಯಾರು ಬೇಕಾದರೂ ನೋಡಬಹುದು. ಏಪ್ರಿಲ್‌ನಲ್ಲಿ ಬಿಸಿಲಿಗೆ ಆರಿಹೋದದ್ದನ್ನೂ ಮರೆಯದೆ ಕಳೆಯಬೇಕು.

ಇದರ ಪರಿಣಾಮ ಅಳೆದ ಅಧ್ಯಯನಗಳಿವೆ. ಪೋಷಕಾಂಶ ಒಂದೇ ಇದ್ದು ನೀರಿನಂಶ ಮಾತ್ರ ಬೇರೆ ಬೇರೆಯಾದ ಆಹಾರ ಕೊಟ್ಟು ನೋಡಿದ ಒಂದು ಪ್ರಯೋಗ 2011ರಲ್ಲಿ ಪ್ರಕಟವಾಯಿತು. ನೀರಿನಂಶ ಶೇ. 73 ಇದ್ದ ಆಹಾರ ತಿಂದಾಗ ಬೆಕ್ಕುಗಳ ದೇಹಕ್ಕೆ ಒಟ್ಟಾರೆ ಹೆಚ್ಚು ನೀರು ಸೇರಿತು, ಮೂತ್ರ ತೆಳುವಾಯಿತು, ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಕಟ್ಟುವ ಸಾಧ್ಯತೆ ತಗ್ಗಿತು. ಸ್ಟ್ರೂವೈಟ್ ಎಂಬ ಇನ್ನೊಂದು ಬಗೆಯ ಹರಳಿನ ವಿಷಯದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆಗೆ ಒಳಗಾದ ಬೆಕ್ಕುಗಳು ಆರೇ ಆರು ಎಂಬುದನ್ನೂ ಹೇಳಬೇಕು. ಅದಕ್ಕಿಂತ ಮೊದಲು, 1999ರಲ್ಲಿ, ಕಾರಣ ತಿಳಿಯದ ಮೂತ್ರಕೋಶದ ಉರಿಯೂತಕ್ಕೆ ತುತ್ತಾಗಿದ್ದ 46 ಬೆಕ್ಕುಗಳನ್ನು ಒಂದು ವರ್ಷ ಗಮನಿಸಿದ ವರದಿ ಬಂತು. ಡಬ್ಬಿಯ ಆಹಾರ ತಿಂದ 18ರಲ್ಲಿ 2ಕ್ಕೆ ಕಾಯಿಲೆ ಮರುಕಳಿಸಿತ್ತು, ಒಣ ಆಹಾರ ತಿಂದ 28ರಲ್ಲಿ 11ಕ್ಕೆ. ಸಣ್ಣ ಅಧ್ಯಯನವೇ ಸರಿ, ಆದರೂ ಈ ಅಂತರವನ್ನು ಕಡೆಗಣಿಸುವುದು ನನಗೆ ಸರಿಯೆನಿಸದು.

ನಮ್ಮ ಊರುಗಳಲ್ಲಿ ಬೆಕ್ಕಿನ ಮೂತ್ರದ ತೊಂದರೆಯನ್ನು ಬಹಳ ಸಲ ತಪ್ಪಾಗಿ ತಿಳಿಯುತ್ತಾರೆ. ಬಾದಾಮಿಯ ಒಂದು ಮನೆಯಲ್ಲಿ ಗಂಡು ಬೆಕ್ಕೊಂದು ಬೆಳಗಿನಿಂದ ಉಸುಕಿನ ಟ್ರೇಗೆ ಹೋಗುವುದು, ಕೂತು ತಿಣುಕುವುದು, ಏನೂ ಆಗದೆ ಎದ್ದು ಬರುವುದು ಮಾಡುತ್ತಿತ್ತು. "ಅದಕ್ಕ ಹೊಟ್ಟಿ ಕಟ್ಟೇತಿ ಯವ್ವಾ, ಒಂದೀಟ ಹರಳೆಣ್ಣಿ ಹಾಕು" ಎಂದು ಹಿರಿಯರೊಬ್ಬರು ಸೊಸೆಗೆ ಹೇಳುತ್ತಿದ್ದರು. ಕಟ್ಟಿದ್ದದ್ದು ಹೊಟ್ಟೆಯಲ್ಲ, ಉಚ್ಚೆ. ಟ್ರೇಯ ಉಸುಕು ಒಣಗಿಯೇ ಇತ್ತು, ಬೆಕ್ಕು ಬಾಲದ ಕೆಳಗೆ ನೆಕ್ಕಿ ನೆಕ್ಕಿ ಕೆಂಪಾಗಿಸಿಕೊಂಡಿತ್ತು, ಕೆಳಹೊಟ್ಟೆ ಮುಟ್ಟಿದರೆ ಗಟ್ಟಿ ಚೆಂಡು ಸಿಕ್ಕಂತಾಗುತ್ತಿತ್ತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು, ಹರಳೋ ಲೋಳೆಯೋ ಸಿಕ್ಕಿಕೊಂಡರೆ ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾದ ಬೆಕ್ಕು ಒಂದೆರಡು ದಿನಗಳಲ್ಲೇ ಸಾಯಬಹುದು. ತಾಲ್ಲೂಕಿನ ಪಶು ಆಸ್ಪತ್ರೆಗಳು ಮುಖ್ಯವಾಗಿ ಎತ್ತು, ಎಮ್ಮೆ, ಕುರಿಗಾಗಿ ಇರುವವು; ಬೆಕ್ಕಿನ ಮೂತ್ರನಾಳಕ್ಕೆ ಸೇರುವಷ್ಟು ಸಣ್ಣ ನಳಿಕೆ ಎಲ್ಲ ಕಡೆ ಸಿಗುವುದಿಲ್ಲ. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಹುಬ್ಬಳ್ಳಿಯ ಕಡೆ ಓಡಬೇಕು. ಇಳಕಲ್‌ನಿಂದ ಅದು ನೂರು ಕಿಲೋಮೀಟರಿಗೂ ಹೆಚ್ಚು. ದೊಡ್ಡ ಊರಿನಲ್ಲಿದ್ದವರಿಗೆ ವೆಟ್ ಫುಡ್ ಒಂದು ಆಯ್ಕೆ ಇರಬಹುದು, ಆಸ್ಪತ್ರೆ ಇಷ್ಟು ದೂರವಿರುವ ನಮಗೆ ಬೆಕ್ಕಿನ ಹೊಟ್ಟೆಗೆ ನೀರು ಸೇರಿಸುವುದು ಮುನ್ನೆಚ್ಚರಿಕೆಯ ಕೆಲಸ.

ಇಷ್ಟೆಲ್ಲ ಗೊತ್ತಿದ್ದೂ ಡ್ರೈ ಫುಡ್ ಯಾಕೆ ಗೆದ್ದಿದೆ? ಅದರ ಹುಟ್ಟಿನಲ್ಲೇ ಸ್ವಲ್ಪ ಉತ್ತರವಿದೆ. 1860ರ ಹೊತ್ತಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ನಾಯಿ ಬಿಸ್ಕತ್ತು ಮಾರಲು ತೊಡಗಿದ. 1920ರ ದಶಕದಲ್ಲಿ ಅಮೆರಿಕದಲ್ಲಿ ಡಬ್ಬಿಯ ಮಾಂಸ ಬಂತು. ಎರಡನೇ ಮಹಾಯುದ್ಧದಲ್ಲಿ ತವರ ಸೈನ್ಯಕ್ಕೆ ಹೋಯಿತು, ಡಬ್ಬಿಗಳು ಸಿಗದಾದವು, ಒಣ ಆಹಾರಕ್ಕೆ ದಾರಿಯಾಯಿತು. 1950ರ ದಶಕದ ಕೊನೆಗೆ ಹಿಟ್ಟನ್ನು ಒತ್ತಡದಲ್ಲಿ ಬೇಯಿಸಿ ಅಚ್ಚಿನಿಂದ ಹೊರದೂಡಿ ಉಬ್ಬಿಸುವ ಯಂತ್ರ ಈ ಉದ್ಯಮಕ್ಕೆ ಬಂದಿತು. ಇಂದಿನ ಕಾಳು ಆ ಯಂತ್ರದ್ದು. ಕಾಳು ಉಬ್ಬಿ ಗಟ್ಟಿಯಾಗಿ ನಿಲ್ಲಲು ಪಿಷ್ಟ ಬೇಕೇ ಬೇಕು, ಅದಕ್ಕೇ ಅದರಲ್ಲಿ ಮೆಕ್ಕೆಜೋಳ, ಅಕ್ಕಿ, ಗೋಧಿ. ಬೆಕ್ಕಿನ ಹಸಿವಿಗಿಂತ ಕಾರ್ಖಾನೆಯ ಅನುಕೂಲ ಈ ಆಕಾರವನ್ನು ಕೊಟ್ಟಿತು.

ಆದರೆ ಅನುಕೂಲ ನಮ್ಮದೂ ಹೌದು. ದರವನ್ನೇ ನೋಡಿ. ಒಂದು ಪೌಚಿಗೆ ಸುಮಾರು ನಲವತ್ತು-ಐವತ್ತು ರೂಪಾಯಿ, ದಿನಕ್ಕೆ ಮೂರು ಬೇಕು. ಡ್ರೈ ಫುಡ್ ಆದರೆ ದಿನಕ್ಕೆ ಇಪ್ಪತ್ತು-ಇಪ್ಪತ್ತೈದರಲ್ಲಿ ಮುಗಿಯಿತು. ಐದಾರು ಪಟ್ಟು ಅಂತರ. ಮಗ್ಗದ ಕೂಲಿಯಲ್ಲಿ ಸಂಸಾರ ತೂಗಿಸುವ ಇಳಕಲ್‌ನ ಮನೆಗೆ ಮೂರು ಪೌಚಿನ ಉಪದೇಶ ಮಾಡುವುದು ನ್ಯಾಯವಲ್ಲ. ದುಡ್ಡಿದ್ದರೂ ಸಿಗಬೇಕಲ್ಲ. ಹುನಗುಂದದ ಅಂಗಡಿಯಲ್ಲಿ ಕೇಳಿದರೆ, "ಒಣಾದ ಐತ್ರಿ. ಪೌಚ್ ತರ್ಸೂದಿಲ್ರಿ, ಒಯ್ಯಾವ್ರ ಇಲ್ರಿ" ಎಂಬ ಉತ್ತರ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಲ್ಲಿ ಹಸಿ ಆಹಾರ ತಟ್ಟೆಯಲ್ಲಿ ಒಂದು ತಾಸಿಗಿಂತ ಹೆಚ್ಚು ನಿಲ್ಲಬಾರದು. ಇರುವೆ ಮುತ್ತುತ್ತವೆ, ನೊಣ ಕೂರುತ್ತವೆ, ಹುಳಿ ವಾಸನೆ ಬಂದರೆ ಬೆಕ್ಕೇ ಮುಟ್ಟುವುದಿಲ್ಲ. ಬಾದಾಮಿಯಲ್ಲಿ ಅಂಗಳದಲ್ಲಿಟ್ಟ ತಟ್ಟೆ ಮಂಗಗಳ ಪಾಲು. ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಹೋಗುವ ಗಂಡ-ಹೆಂಡತಿ ಬಟ್ಟಲಿಗೆ ಕಾಳು ಸುರಿಯದೆ ಏನು ಮಾಡಿಯಾರು? ಬೆಕ್ಕಿಗೂ ದಿನವಿಡೀ ಚೂರು ಚೂರು ತಿನ್ನುವುದೇ ರೂಢಿ. ಕಾಡಿನಲ್ಲಿ ಅದು ದಿನಕ್ಕೆ ಹತ್ತಾರು ಸಣ್ಣ ಊಟ ಮಾಡುವ ಪ್ರಾಣಿ.

ಇನ್ನೊಂದು ಕಾರಣ ನಮ್ಮ ಭಾಗದ್ದೇ. ಕೂಡಲಸಂಗಮದ ಈ ಸೀಮೆಯಲ್ಲಿ ಅಡುಗೆಮನೆಗೆ ಮಾಂಸ ತಾರದ ಮನೆಗಳು ಸಾವಿರಾರು. ಆ ಮನೆಗಳಲ್ಲೂ ಬೆಕ್ಕಿದೆ, ಪ್ರೀತಿಯೂ ಇದೆ. ಡ್ರೈ ಫುಡ್ ನೋಡಲು ಕಾಳಿನಂತಿದೆ, ಕೈಗೆ ಅಂಟುವುದಿಲ್ಲ, ಬೇಯಿಸಬೇಕಿಲ್ಲ, ಪಾತ್ರೆಗೆ ತಾಗುವುದಿಲ್ಲ. ಒಳಗೆ ಕೋಳಿ-ಮೀನು ಇದೆಯೆಂದು ಗೊತ್ತಿದ್ದೂ ಹಿತ್ತಲ ಕಟ್ಟೆಯ ಮೇಲೆ ಬೇರೆ ಡಬ್ಬಿಯಲ್ಲಿಟ್ಟು ಹಾಕುತ್ತಾರೆ. ಅದೇ ಪೌಚ್ ಹರಿದಾಗ ಬರುವ ಮೀನಿನ ವಾಸನೆ ಅವರಿಗೆ ಸಹಿಸಲಾಗದು. ಒಬ್ಬ ಅಜ್ಜಿ ತಮ್ಮ ಕಟ್ಟಳೆಯನ್ನೂ ಬಿಡದೆ ಬೆಕ್ಕನ್ನೂ ಉಪವಾಸ ಕೆಡವದೆ ಕಂಡುಕೊಂಡ ಈ ದಾರಿಯ ಬಗ್ಗೆ ನನಗೆ ಗೌರವವಿದೆ. ಹಾಲು-ಅನ್ನದಲ್ಲಿ ಸೊರಗಬೇಕಿದ್ದ ಎಷ್ಟೋ ಬೆಕ್ಕುಗಳನ್ನು ಈ ಒಣ ಕಾಳು ಉಳಿಸಿದೆ. ಆದರೆ ಬೆಕ್ಕನ್ನೇ ಸಸ್ಯಾಹಾರಿ ಮಾಡುತ್ತೇನೆ ಎಂಬ ಹಟ ಬೇಡ.

ಡ್ರೈ ಫುಡ್ಡಿನ ಅಪಾಯಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಬಿಡಿ ಮಾರಾಟ. ದೊಡ್ಡ ಚೀಲ ಬಿಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ ಕಿಲೋ ಲೆಕ್ಕಕ್ಕೆ ಕಟ್ಟಿಕೊಡುತ್ತಾರೆ. ಕಾಳಿನ ಮೇಲೆ ಬಳಿದ ಕೊಬ್ಬು ಬಿಸಿಲಿಗೆ ಕಮಟು ಹಿಡಿಯುತ್ತದೆ, ಮಳೆಗಾಲದಲ್ಲಿ ತೇವ ಸೇರಿದರೆ ಬೂಸು ಬರುತ್ತದೆ. ಶೇಂಗಾಕ್ಕೆ ಬೂಸು ಬಂದರೆ ವಿಷ ಎಂದು ನಮ್ಮ ರೈತರಿಗೆ ಗೊತ್ತು, ಮೆಕ್ಕೆಜೋಳದ ಕಾಳಿಗೂ ಅದೇ ಮಾತು. ಸಣ್ಣ ಪ್ಯಾಕೆಟ್ ಕೊಂಡು, ತಾರೀಖು ನೋಡಿ, ಅದೇ ಪ್ಯಾಕೆಟ್ಟಿನ ಬಾಯಿ ಕಟ್ಟಿ ಡಬ್ಬಿಯೊಳಗಿಡುವುದು ಲೇಸು. ಇನ್ನೊಂದು ಅಪಾಯ ಬೊಜ್ಜು: ಹಿಡಿಯಷ್ಟು ಕಾಳಿನಲ್ಲೇ ದಿನದ ಶಕ್ತಿಯೆಲ್ಲ ಅಡಗಿರುವಾಗ ಬಟ್ಟಲು ಸದಾ ತುಂಬಿಟ್ಟರೆ, ಅದರಲ್ಲೂ ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೆಕ್ಕು, ಬೇಗ ದಪ್ಪಗಾಗುತ್ತದೆ. ಒಣ ಕಾಳು ಹಲ್ಲು ಶುಚಿ ಮಾಡುತ್ತದೆ ಎಂಬ ಮಾತಿಗೆ ಬಲವಾದ ಆಧಾರವಿಲ್ಲ, ಹಲ್ಲಿಗೆಂದೇ ತಯಾರಿಸಿದ ವಿಶೇಷ ಕಾಳುಗಳ ಮಾತು ಬೇರೆ.

ಮೂರನೆಯ ದಾರಿಯೂ ಒಂದಿದೆ: ಮನೆಯಲ್ಲೇ ಬೇಯಿಸುವುದು. ಕೋಳಿ ಅಂಗಡಿಯ ಚೂರುಪಾರು, ಆಲಮಟ್ಟಿ ಹಿನ್ನೀರಿನ ಸಣ್ಣ ಮೀನು, ಬೇಯಿಸಿದ ತತ್ತಿ. ವೆಟ್ ಫುಡ್ಡಿನಷ್ಟೇ ನೀರು ಇದರಲ್ಲೂ ಉಂಟು, ಖರ್ಚು ಕಡಿಮೆ. ಮಾಂಸ ತಿನ್ನುವ ಮನೆಗಳವರು ಇದೇ ಸಾಕು ಎಂದುಕೊಳ್ಳುವುದು ಸಹಜ. ಆದರೆ ಬರೀ ಮಾಂಸದಲ್ಲಿ ಸುಣ್ಣದಂಶ ತೀರಾ ಕಡಿಮೆ. ಇಲಿಯನ್ನು ಬೆಕ್ಕು ಎಲುಬು ಸಮೇತ ತಿನ್ನುತ್ತಿತ್ತು, ನಾವು ಎಲುಬು ತೆಗೆದು ಕೊಡುತ್ತೇವೆ. ಬರೀ ಕೋಳಿಮಾಂಸದಲ್ಲಿ ಬೆಳೆದ ಮರಿಯ ಮೂಳೆ ಜಿಗಿದ ಮಾತ್ರಕ್ಕೆ ಮುರಿಯುವಷ್ಟು ಮೆದುವಾಗುತ್ತದೆ. ದಿನವೂ ಕಾರಜ ತಿನ್ನಿಸಿದರೆ ಎ ಜೀವಸತ್ವ ಅತಿಯಾಗುತ್ತದೆ. ಹಸಿ ಮೀನು ಕೆಲವು ಬಗೆಯದಾದರೆ ಬಿ1 ಜೀವಸತ್ವವನ್ನೇ ನಾಶ ಮಾಡುತ್ತದೆ. ಬೇಯಿಸಿದಾಗ ಟಾರಿನ್ ಸ್ವಲ್ಪ ನೀರಿಗೆ ಇಳಿಯುವುದರಿಂದ ಬೇಯಿಸಿದ ನೀರನ್ನು ಚೆಲ್ಲಬಾರದು. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ನಮ್ಮ ಮಸಾಲೆಯದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಾರಿನಲ್ಲಿ ಕುದಿದ ತುಂಡನ್ನು ತೊಳೆದು ಕೊಟ್ಟರೂ ಸುರಕ್ಷಿತವಲ್ಲ. ಬೆಕ್ಕಿನ ಪಾಲನ್ನು ಒಗ್ಗರಣೆಗೆ ಮುಂಚೆಯೇ ಎತ್ತಿಡಬೇಕು. ಹೀಗೆ ಬೇಯಿಸಿದ್ದು ದಿನದ ಆಹಾರದ ಹತ್ತನೇ ಒಂದು ಪಾಲಿನಷ್ಟಿದ್ದರೆ ಚಿಂತೆಯಿಲ್ಲ. ಪೂರ್ತಿ ಊಟವೇ ಅದಾಗಬೇಕಾದರೆ ಪಶುವೈದ್ಯರು ಹೇಳಿದ ಲೆಕ್ಕದಲ್ಲಿ ಪೂರಕಗಳನ್ನು ಸೇರಿಸಬೇಕು.

ಇವೆಲ್ಲವನ್ನೂ ತೂಗಿ ನೋಡಿದರೆ ನನ್ನ ನಿಲುವು ಇದು. ಕೈಯಲ್ಲಿ ಹಣವಿದ್ದು, ಫ್ರಿಜ್ ಇದ್ದು, ಮನೆಯಲ್ಲಿ ಗಂಡು ಬೆಕ್ಕು ಇದ್ದರೆ ಹಸಿ ಆಹಾರವೇ ಮುಖ್ಯವಾಗಿರಲಿ. ಒಮ್ಮೆ ಉಚ್ಚೆ ಕಟ್ಟಿ ಬದುಕುಳಿದ ಬೆಕ್ಕಿಗೆ, ಮೂತ್ರಪಿಂಡ ಸೋತ ಮುದಿ ಬೆಕ್ಕಿಗೆ ಖರ್ಚಾದರೂ ಅದನ್ನೇ ಕೊಡಬೇಕು, ಯಾವುದನ್ನು ಎಂದು ವೈದ್ಯರನ್ನು ಕೇಳಿಯೇ ಕೊಡಬೇಕು. ಉಳಿದವರಿಗೆ, ಅಂದರೆ ನಮ್ಮಲ್ಲಿ ಬಹುಪಾಲು ಮನೆಗಳಿಗೆ, ಒಣ ಕಾಳನ್ನೇ ನೆನೆಸಿ ಕೊಡುವುದು ಉತ್ತಮ. ದಿನದ 60 ಗ್ರಾಂ ಕಾಳಿಗೆ 120 ಮಿಲಿಲೀಟರ್ ಉಗುರುಬೆಚ್ಚನೆಯ ನೀರು ಸೇರಿದರೆ ತಟ್ಟೆಯಲ್ಲಿ ನೀರಿನಂಶ ಶೇ. 70ರ ಹತ್ತಿರಕ್ಕೆ ಬರುತ್ತದೆ, ಹೆಚ್ಚು ಕಡಿಮೆ ಇಲಿಯ ಮೈಯಲ್ಲಿರುವಷ್ಟು. ಒಮ್ಮೆಗೇ ಅಲ್ಲ, ನಾಲ್ಕು ಪಾಲು ಮಾಡಿ, ಒಂದು ಸಲಕ್ಕೆ 15 ಗ್ರಾಂ ಕಾಳು, 30 ಮಿಲಿಲೀಟರ್ ನೀರು. ಹತ್ತು ನಿಮಿಷ ನೆನೆದರೆ ಸಾಕು. ತಿನ್ನದೆ ಬಿಟ್ಟದ್ದನ್ನು ಬೇಸಿಗೆಯಲ್ಲಿ ತಾಸಿನೊಳಗೆ ಎತ್ತಬೇಕು. ತಟ್ಟೆಯನ್ನು ನೀರು ತುಂಬಿದ ಅಗಲವಾದ ತಾಟಿನ ನಡುವೆ ಇಟ್ಟರೆ ಇರುವೆಯ ಕಾಟವಿಲ್ಲ. ಹಗಲು ಮನೆಯಲ್ಲಿ ಯಾರೂ ಇಲ್ಲದವರು ಬೆಳಿಗ್ಗೆ, ಸಂಜೆ, ರಾತ್ರಿ ನೆನೆಸಿದ್ದು ಕೊಟ್ಟು ನಡುವಿನ ಪಾಲನ್ನು ಒಣದಾಗಿಯೇ ಇಡಲಿ. ಸಂತೆಯ ದಿನವೋ ಹಬ್ಬಕ್ಕೋ ಒಂದು ಪೌಚ್ ಒಡೆದರೆ ಅರ್ಧ ಹಾಕಿ, ಉಳಿದರ್ಧವನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ಮುಗಿಸಬೇಕು.

ನೀರಿನ ಬಟ್ಟಲು ಊಟದ ತಟ್ಟೆಯ ಪಕ್ಕದಲ್ಲಿ ಒಂದೇ ಇದ್ದರೆ ಸಾಲದು. ತಣ್ಣಗಿರುವ ಎರಡು ಮೂರು ಕಡೆ, ಉಸುಕಿನ ಟ್ರೇಯಿಂದ ದೂರ, ಮೀಸೆ ತಾಗದಷ್ಟು ಅಗಲವಾದ ಮಣ್ಣಿನ ಅಥವಾ ಸ್ಟೀಲಿನ ಬೋಗುಣಿಗಳಿರಲಿ. ಬೋರ್‌ವೆಲ್ಲಿನ ಸವಳು ನೀರನ್ನು ಬೆಕ್ಕು ಮೂಸಿ ಬಿಟ್ಟುಹೋಗುವುದನ್ನು ಕಂಡಿದ್ದೇನೆ. ಮನೆಯವರು ಕುಡಿಯುವ ನೀರನ್ನೇ ಅದಕ್ಕೂ ಹಾಕಬೇಕು.

ಬೆಕ್ಕಿನ ಮರಿ ತಂದವರಿಗೆ ಇನ್ನೊಂದು ಮಾತು. ಮೊದಲ ಕೆಲವು ತಿಂಗಳಲ್ಲಿ ಬಾಯಿಗೆ ಬಿದ್ದ ಬಗೆಯನ್ನೇ ಅದು ಆಹಾರವೆಂದು ಗುರುತಿಟ್ಟುಕೊಳ್ಳುತ್ತದೆ. ಬರೀ ಗರಿಗರಿ ಕಾಳಿನಲ್ಲಿ ಬೆಳೆದ ಬೆಕ್ಕಿಗೆ ಆರೇಳು ವರ್ಷವಾದ ಮೇಲೆ ಕಾಯಿಲೆ ಬಂದು ಹಸಿ ಆಹಾರ ಕೊಡಬೇಕಾಗಿ ಬಂದರೆ ಅದು ಮೂಗು ತಿರುಗಿಸುತ್ತದೆ. ಹಾಗಾಗಿ ಒಣದು, ನೆನೆಸಿದ್ದು, ಪೌಚು ಮೂರರ ಪರಿಚಯವೂ ಎಳವೆಯಲ್ಲೇ ಆಗಲಿ. ದೊಡ್ಡ ಬೆಕ್ಕಿನ ಆಹಾರ ಬದಲಿಸುವುದಾದರೆ ವಾರ, ಹತ್ತು ದಿನ ಹಿಡಿದು, ಹಳೆಯದಕ್ಕೆ ಹೊಸದನ್ನು ಚಮಚ ಚಮಚವಾಗಿ ಸೇರಿಸುತ್ತಾ ಹೋಗಬೇಕು. ಸ್ವಲ್ಪ ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಬೇಗ ಒಪ್ಪುತ್ತದೆ. ಹಸಿದರೆ ತಾನೇ ತಿನ್ನುತ್ತದೆ ಎಂದು ಉಪವಾಸ ಹಾಕುವ ಕ್ರಮ ನಾಯಿಗೆ ನಡೆದೀತು, ಬೆಕ್ಕಿಗೆ ನಡೆಯುವುದಿಲ್ಲ. ಎರಡು-ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿಗೆ ಕೊಬ್ಬು ತುಂಬಿ ಜೀವಕ್ಕೇ ಮುಳುವಾಗುತ್ತದೆ. ಒಂದು ದಿನ ಪೂರ್ತಿ ತಟ್ಟೆ ಮುಟ್ಟದಿದ್ದರೆ ಹಳೆಯ ಆಹಾರವನ್ನೇ ಮತ್ತೆ ಇಡಬೇಕು, ಅದನ್ನೂ ಮುಟ್ಟದಿದ್ದರೆ ಅವತ್ತೇ ವೈದ್ಯರ ಬಳಿಗೆ ಒಯ್ಯಬೇಕು.